ತಂಬೂರಿಯ ಗಾಂಧಾರ, ಓಲೆಯ ತಿರುಪು

ಮೂರು ವಾರ ಒಂದು ದುಬಾರಿ ಹೆಡ್‌ಫೋನ್ ನನ್ನ ಮನೆಯಲ್ಲಿತ್ತು. ಗೆಳೆಯನೊಬ್ಬ ಕೆಲಸದ ಮೇಲೆ ಹೊರದೇಶಕ್ಕೆ ಹೋಗುವಾಗ "ನಿನ್ನ ಹತ್ರ ಇರಲಿ, ಚೆನ್ನಾಗಿ ಕೇಳು, ಬಂದ್ಮೇಲೆ ಏನನ್ನಿಸ್ತು ಅಂತ ನಿಜ ಹೇಳು" ಅಂತ ಪೆಟ್ಟಿಗೆ ಸಮೇತ ಕೊಟ್ಟು ಹೋದ. ಬೆಲೆ ಒಂದು ಲಕ್ಷ ದಾಟುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕಂದ್ರೆ ನನ್ನ ತಲೆಗೆ ಆಗದ್ದು ನಿಮ್ಮ ತಲೆಗೆ ಚೆನ್ನಾಗಿ ಆಗಬಹುದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಆಗ ನನ್ನ ಹತ್ತಿರ ಇದ್ದದ್ದು ಸೆನ್‌ಹೈಸರ್ ಎಚ್‌ಡಿ 600. ಎಂಟು ವರ್ಷದಿಂದ ಅದರಲ್ಲೇ ಕೇಳುತ್ತಿದ್ದೆ. 1997ರಲ್ಲಿ ಬಂದ ಮಾದರಿ ಅದು. ಇಷ್ಟು ವರ್ಷವಾದರೂ ಹೊಸ ಹೆಡ್‌ಫೋನ್ ಬಂದಾಗಲೆಲ್ಲ ಜನ ಅದರ ಪಕ್ಕ ಇಟ್ಟು ಹೋಲಿಸಿ ನೋಡುತ್ತಾರೆ. ಗೆಳೆಯ ಕೊಟ್ಟಿದ್ದು ಪ್ಲೇನಾರ್. ಮಾಮೂಲಿ ಹೆಡ್‌ಫೋನಿನಲ್ಲಿ ಒಂದು ಪೊರೆ, ಅದರ ಹಿಂದೆ ತಂತಿಯ ಸುರುಳಿ ಇರುತ್ತದೆ, ಅದು ಆ ಪೊರೆಯನ್ನು ತಳ್ಳಿ ಎಳೆದು ಸದ್ದು ಹೊರಡಿಸುತ್ತದೆ. ಪ್ಲೇನಾರಿನಲ್ಲಿ ತೆಳ್ಳನೆ ಹಾಳೆಯ ಮೇಲೇ ವಿದ್ಯುತ್ ಹರಿಯುವ ಗೆರೆಗಳಿರುತ್ತವೆ, ಹತ್ತಿರದಲ್ಲೇ ಸಾಲಾಗಿ ಆಯಸ್ಕಾಂತಗಳಿರುತ್ತವೆ, ಇಡೀ ಹಾಳೆ ಒಟ್ಟಿಗೆ ಅಲುಗುತ್ತದೆ. ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಬಿಗಿಯಾಗಿ, ಆಳದವರೆಗೆ ಇಳಿಯುತ್ತದೆ. ಆದರೆ ಅಷ್ಟು ಆಯಸ್ಕಾಂತಕ್ಕೆ ತೂಕ ಇರುತ್ತದಲ್ವಾ? ಆ ತೂಕ ಹೊರಬೇಕಾದ್ದು ನಮ್ಮ ತಲೆ.

ಮೊದಲ ರಾತ್ರಿ ಅದನ್ನು ಹಾಕಿಕೊಂಡಾಗ ಆದ ಖುಷಿ ಸುಳ್ಳಲ್ಲ. ಐದೇ ನಿಮಿಷದಲ್ಲಿ ಕೂತಲ್ಲೇ ನೆಟ್ಟಗಾದೆ. ಮೃದಂಗದ ಎಡಗಡೆಯ ಗುಂಕಿ, ಅಂದರೆ ಆ ದಪ್ಪ ಗುಂಯ್ ಸದ್ದು, ಎದೆಯ ಹತ್ತಿರ ಬಂದು ನಿಂತ ಹಾಗಿತ್ತು. ಘಟದ ಮೇಲೆ ಬೆರಳು ಬಿದ್ದಾಗ ಮಣ್ಣಿನ ಗಟ್ಟಿತನ ಕೇಳುತ್ತಿತ್ತು. ಒಂದು ಗಂಟೆ ರಾತ್ರಿಯವರೆಗೂ ಒಂದು ಹಾಡು ಅರ್ಧ, ಇನ್ನೊಂದು ಹಾಡು ಕಾಲು, ಹೀಗೆ ಹಾರಿ ಹಾರಿ ಕೇಳಿದೆ. ಆ ರಾತ್ರಿ ಯಾರಾದರೂ ಕೇಳಿದ್ದರೆ, ಎಂಟು ವರ್ಷ ನಾನು ಏನನ್ನೂ ಸರಿಯಾಗಿ ಕೇಳಿರಲೇ ಇಲ್ಲ ಅಂತ ಹೇಳಿಬಿಡುತ್ತಿದ್ದೆ.

ಮೂರನೇ ದಿನ ಬೇರೆಯದೇ ಕಥೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಪೂರ್ತಿ ಕಚೇರಿ ಕೇಳೋಣ ಅಂತ ಕೂತೆ. ಎರಡೂವರೆ ಗಂಟೆಯ ರೆಕಾರ್ಡಿಂಗ್. ವರ್ಣ ಮುಗಿಯಿತು, ಎರಡು ಕೃತಿ ಮುಗಿಯಿತು. ನಲವತ್ತು ನಿಮಿಷ ಆಗುವ ಹೊತ್ತಿಗೆ ನಡುನೆತ್ತಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಉರಿಯಲು ಶುರುವಾಯಿತು. ಹೆಡ್‌ಬ್ಯಾಂಡ್ ಸ್ವಲ್ಪ ಮುಂದೆ ತಳ್ಳಿದೆ. ಹತ್ತು ನಿಮಿಷಕ್ಕೆ ಅಲ್ಲೂ ಉರಿ. ಹಿಂದೆ ತಳ್ಳಿದೆ. ರಾಗಾಲಾಪನೆ ಹೊತ್ತಿಗೆ ಕತ್ತಿನ ಹಿಂಭಾಗ ಹಿಡಿದುಕೊಂಡಿತ್ತು. ಮುಖ್ಯವಾದ ವಿಷಯ ಇದಲ್ಲ. ಗಾಯಕರು ಯಾಕೋ ಎಳೆಯುತ್ತಿದ್ದಾರೆ, ಇವತ್ತು ಆಲಾಪನೆಯಲ್ಲಿ ಜೀವ ಇಲ್ಲ ಅಂತ ನನಗೆ ಅನ್ನಿಸತೊಡಗಿತ್ತು. ಇದೇ ರೆಕಾರ್ಡಿಂಗನ್ನು ನಾನು ಹತ್ತಾರು ಸಲ ಕೇಳಿದ್ದೇನೆ. ಆ ಆಲಾಪನೆಯಲ್ಲಿ ಒಂದು ಕಡೆ ಪ್ರತಿ ಸಲ ಮೈ ಜುಮ್ ಅನ್ನುತ್ತದೆ. ಅವತ್ತು ಅನ್ನಲಿಲ್ಲ. ಹೆಡ್‌ಫೋನ್ ತೆಗೆದು ಮುಖ ತೊಳೆದು, ಎಚ್‌ಡಿ 600 ಹಾಕಿಕೊಂಡು ಅದೇ ಜಾಗದಿಂದ ಕೇಳಿದೆ. ಜುಮ್ ಅಂದಿತು.

ನನ್ನ ತಲೆಯಲ್ಲಿ ಇಷ್ಟು ವರ್ಷ ಎರಡು ಬೇರೆ ಬೇರೆ ಡಬ್ಬಿಗಳಿದ್ದವು. ಒಂದರಲ್ಲಿ ಸೌಂಡ್, ಇನ್ನೊಂದರಲ್ಲಿ ಕಂಫರ್ಟ್. ವಿಮರ್ಶೆಗಳಲ್ಲೂ ಹಾಗೇ ಅಲ್ವಾ? ಸೌಂಡಿಗೆ ಇಷ್ಟು ಅಂಕ, ಕಂಫರ್ಟಿಗೆ ಇಷ್ಟು ಅಂಕ, ಎರಡನ್ನೂ ಕೂಡಿಸು. ಆ ಭಾನುವಾರದಿಂದ ನನಗೆ ಹಾಗೆ ಕೂಡಿಸುವುದು ಆಗುತ್ತಿಲ್ಲ. ನೆತ್ತಿ ಉರಿಯುವಾಗ ಕೇಳುವ ಕಿವಿಯೇ ಬೇರೆ. ಮೂರನೇ ಗಂಟೆಯಲ್ಲಿ ತನಿ ಆವರ್ತನ (ತಾಳವಾದ್ಯದವರ ಸರದಿ) ನೆಮ್ಮದಿಯಾಗಿ ಕೇಳಲು ಬಿಡದ ಹೆಡ್‌ಫೋನಿನ ಸೌಂಡ್ ಚೆನ್ನಾಗಿದೆ ಅಂತ ನಾನು ಹೇಗೆ ಹೇಳಲಿ, ನಾನು ಅದನ್ನು ಕೇಳಿಯೇ ಇಲ್ಲವಲ್ಲ.

ಕುತೂಹಲಕ್ಕೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. 620 ಗ್ರಾಂ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತಲೆ ಮೇಲೆ ಇಟ್ಟುಕೊಂಡು, ಅದರ ಜೊತೆಗೆ ಇನ್ನೊಂದು ಸಣ್ಣ ಮೊಸರಿನ ಪ್ಯಾಕೆಟ್ಟೂ ಇಟ್ಟುಕೊಂಡ ಹಾಗೆ. ಎಚ್‌ಡಿ 600 ತೂಕ 260 ಗ್ರಾಂ. ಸೆನ್‌ಹೈಸರ್ ಎಚ್‌ಡಿ 800 ಎಸ್ 330, ಹೈಫೈಮ್ಯಾನ್ ಸುಸ್ವರ ಪ್ಲೇನಾರ್ ಆಗಿಯೂ 450, ಫೋಕಲ್ ಯುಟೋಪಿಯಾ 490. (ಆ ಚೀನಾ ಕಂಪನಿಯ ಮಾದರಿಗೆ ನಮ್ಮ 'ಸುಸ್ವರ' ಅನ್ನುವ ಹೆಸರು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.) ಆದರೆ ಬರೀ ಗ್ರಾಂ ನೋಡಿ ತೀರ್ಮಾನಿಸಬೇಡಿ. ಹೆಡ್‌ಬ್ಯಾಂಡ್ ಕೆಳಗೆ ಜೋಲಿಯಂತೆ ಒಂದು ಪಟ್ಟಿ ತೂಗುಬಿಟ್ಟಿದ್ದರೆ ಭಾರ ನೆತ್ತಿಯ ಮೇಲೆಲ್ಲ ಹರಡುತ್ತದೆ. ಅದಿಲ್ಲದೆ ಬರೀ ಗಟ್ಟಿ ಕಮಾನು ಇದ್ದರೆ 400 ಗ್ರಾಮೂ ಒಂದೇ ಚುಕ್ಕೆಯ ಮೇಲೆ ಕೂತು ಕೊರೆಯುತ್ತದೆ. ಇನ್ನು ಕ್ಲ್ಯಾಂಪ್, ಅಂದರೆ ಎರಡೂ ಕಪ್ಪುಗಳು (ಕಿವಿಯ ಮೇಲೆ ಕೂರುವ ಬಟ್ಟಲುಗಳು) ಕೆನ್ನೆಯನ್ನು ಒತ್ತುವ ಬಿಗಿ. ಇದು ಸಡಿಲವಾದರೆ ಭಾರ ಪೂರ್ತಿ ನೆತ್ತಿಗೆ ಬೀಳುತ್ತದೆ, ಬಿಗಿಯಾದರೆ ದವಡೆ ನೋಯುತ್ತದೆ. ಎಚ್‌ಡಿ 600 ಹೊಸದರಲ್ಲಿ ನನ್ನ ತಲೆಯನ್ನು ಇಕ್ಕಳದಂತೆ ಹಿಡಿಯುತ್ತಿತ್ತು. ತಲೆಯಷ್ಟೇ ಅಗಲ ಬರುವ ಹಾಗೆ ನಾಲ್ಕು ದಪ್ಪ ಪುಸ್ತಕ ಸೇರಿಸಿ ಕಟ್ಟಿ, ಅದಕ್ಕೆ ಹಾಕಿ ಒಂದು ವಾರ ಬಿಟ್ಟೆ. ಆಮೇಲೆ ಹದಕ್ಕೆ ಬಂತು. ಅತಿಯಾಗಿ ಹಿಗ್ಗಿಸಬೇಡಿ, ಒಮ್ಮೆ ಸಡಿಲವಾದರೆ ಮತ್ತೆ ಬಿಗಿ ಮಾಡುವುದು ಕಷ್ಟ.

ನಾನು ಕನ್ನಡಕ ಹಾಕುತ್ತೇನೆ. ಕನ್ನಡಕದ ಕಡ್ಡಿ ಕಿವಿಯ ಮೇಲೆ ಹಾದುಹೋಗುವ ಜಾಗದಲ್ಲಿ ಪ್ಯಾಡ್, ಅಂದರೆ ಕಪ್ಪಿನ ಅಂಚಿನ ಮೆತ್ತೆ, ಚರ್ಮಕ್ಕೆ ಅಂಟುವುದಿಲ್ಲ. ಅಲ್ಲಿ ಒಂದು ಸಣ್ಣ ಸಂದಿ ಉಳಿಯುತ್ತದೆ. ಆ ಸಂದಿಯಿಂದ ಬೇಸ್ ಸೋರಿಹೋಗುತ್ತದೆ. ಗೆಳೆಯನ ಪ್ಲೇನಾರಿನಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಕನ್ನಡಕ ತೆಗೆದರೆ ಒಂದು ಹೆಡ್‌ಫೋನ್, ಹಾಕಿದರೆ ಇನ್ನೊಂದು ಹೆಡ್‌ಫೋನ್. ಇದನ್ನು ಪತ್ತೆ ಮಾಡಲು ಸುಲಭದ ದಾರಿ ಇದೆ. ಬೇಸ್ ಇರುವ ಏನಾದರೂ ಹಾಕಿಕೊಂಡು, ಎರಡೂ ಕಪ್ಪುಗಳನ್ನು ಅಂಗೈಯಿಂದ ಮೆತ್ತಗೆ ತಲೆಗೆ ಒತ್ತಿ. ಒತ್ತಿದ ಕೂಡಲೇ ಬೇಸ್ ತುಂಬಿಕೊಂಡರೆ, ಅಷ್ಟು ಹೊತ್ತು ನೀವು ಕೇಳಿದ್ದು ಸೋರಿದ ಸೌಂಡ್. ಅಂಗಡಿಯಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ದಪ್ಪ ಫ್ರೇಮ್ ಬಿಟ್ಟು ತೆಳು ಲೋಹದ ಕಡ್ಡಿಯ ಕನ್ನಡಕಕ್ಕೆ ನಾನು ಹೋಗಿದ್ದು ಹೆಡ್‌ಫೋನಿಗೋಸ್ಕರವೇ.

ಈಗ ತಂಬೂರಿಯ ಮಾತು. ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮನ ತಂಬೂರಿ ಇದೆ. ನಾನು ಹುಟ್ಟುವ ಮುಂಚಿನಿಂದ ಇದೆ. ಅಮ್ಮ ವೇದಿಕೆ ಹತ್ತಿ ಹಾಡಿದವರಲ್ಲ, ಆದರೆ ದಿನಾ ಬೆಳಗ್ಗೆ ಅರ್ಧ ಗಂಟೆ ಹಾಡಿಕೊಳ್ಳುತ್ತಾರೆ. ಸ್ಕೂಲಿಗೆ ಹೊರಡುವ ಮುಂಚೆ ಆ ನಾದದ ಪಕ್ಕದಲ್ಲೇ ಕೂತು ನಾನು ಹೋಮ್‌ವರ್ಕ್ ಮುಗಿಸುತ್ತಿದ್ದೆ. ಹಾಗಾಗಿ ನಿಜವಾದ ತಂಬೂರಿ ಎರಡು ಅಡಿ ದೂರದಲ್ಲಿ ಹೇಗೆ ಕೇಳುತ್ತದೆ ಅನ್ನುವುದು ನನ್ನ ಮೈಗೆ ಗೊತ್ತು. ಹೆಡ್‌ಫೋನ್ ಪರೀಕ್ಷೆಗೆ ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ವಿಮರ್ಶೆಗಳಲ್ಲಿ ಹೇಳುವ ಜಾಸ್, ಎಲೆಕ್ಟ್ರಾನಿಕ್ ಹಾಡುಗಳನ್ನು ಹಾಕಿ ಕೇಳಿ ನೋಡಿದ್ದೇನೆ. ಆದರೆ ಆ ಡ್ರಮ್ ನಿಜದಲ್ಲಿ ಹೇಗೆ ಕೇಳುತ್ತದೆ ಅಂತ ನನಗೆ ಗೊತ್ತಿಲ್ಲದ ಮೇಲೆ, ಹೆಡ್‌ಫೋನ್ ಸರಿ ಹೇಳುತ್ತಿದೆಯೋ ತಪ್ಪು ಹೇಳುತ್ತಿದೆಯೋ ಹೇಗೆ ತಿಳಿಯಬೇಕು?

ಅಮ್ಮನದು ಐದು ಮನೆ ಶ್ರುತಿ. ಅಂದರೆ ನಡುವಿನ ಎರಡು ತಂತಿಗಳ ಷಡ್ಜ ಸುಮಾರು 196 ಹರ್ಟ್ಸ್, ಕೊನೆಯ ಮಂದ್ರ ತಂತಿ ಅದರ ಅರ್ಧ, 98. ಆ ಮಂದ್ರ ತಂತಿಯನ್ನು ಮೀಟಿ ಸುಮ್ಮನೆ ಕೇಳಿದರೆ, ಸ್ವಲ್ಪ ಹೊತ್ತಿಗೆ ಅದರೊಳಗಿಂದ ಒಂದು ಗಾಂಧಾರ, ಸರಿಗಮದ 'ಗ', ಏಳುತ್ತದೆ. ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿರುವುದಿಲ್ಲ, ಆದರೂ ಅಂತರ ಗಾಂಧಾರ ಕೇಳುತ್ತದೆ. ಲೆಕ್ಕ ಇಷ್ಟೇ. ಒಂದು ತಂತಿ ತನ್ನ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಹೀಗೆ ಮೇಲಿನ ಸ್ವರಗಳನ್ನೂ ಹೊರಡಿಸುತ್ತದೆ. ಐದರಷ್ಟು ಅಂದರೆ 490 ಹರ್ಟ್ಸ್, ಅದೇ ಆ ಗಾಂಧಾರ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ದಾರ, ಆ ಜೀವಾಳಿ, ಸರಿಯಾದ ಜಾಗಕ್ಕೆ ಬಂದರೆ ಈ ಸ್ವರಗಳೆಲ್ಲ ಅರಳುತ್ತವೆ. ದಾರ ಕೂದಲೆಳೆಯಷ್ಟು ಸರಿದರೆ ತಂಬೂರಿ ಮಂಕಾಗುತ್ತದೆ.

ಹೊಸ ಹೆಡ್‌ಫೋನ್ ಸಿಕ್ಕಿದಾಗ ನಾನು ಮೊದಲು ಕೇಳುವುದು ಹಾಡನ್ನಲ್ಲ, ಬರೀ ತಂಬೂರಿಯನ್ನು. ಅಮ್ಮ ಮೀಟಿದ್ದನ್ನು ನಾನೇ ರೆಕಾರ್ಡ್ ಮಾಡಿಟ್ಟುಕೊಂಡ ಹತ್ತು ನಿಮಿಷದ ಫೈಲ್ ಅದು. ಗಾಂಧಾರ ತಾನಾಗಿ ಎದ್ದು ಬರುತ್ತಾ, ಇಲ್ಲ ನಾನು ಹುಡುಕಬೇಕಾ? ನಾಲ್ಕು ತಂತಿಗಳ ನಾದ ಒಂದರೊಳಗೊಂದು ಕರಗಿ ಹೊರಳುತ್ತಾ, ಇಲ್ಲ ನಾಲ್ಕು ಬೇರೆ ಬೇರೆ ಮೀಟುಗಳಾಗಿ ಬಿಡಿ ಬಿಡಿಯಾಗಿ ಕೇಳುತ್ತಾ? ಗೆಳೆಯನ ಹೆಡ್‌ಫೋನಿನಲ್ಲಿ ಮೀಟು ಬಹಳ ಸ್ಪಷ್ಟ. ಬೆರಳು ತಂತಿಯನ್ನು ಬಿಡುವ ಕ್ಷಣ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ. ಆದರೆ ಮೀಟಿನ ನಂತರದ ಅರಳುವಿಕೆ ಒಂದು ಹೆಜ್ಜೆ ಹಿಂದೆ ನಿಂತಿತ್ತು. ಗಾಂಧಾರವನ್ನು ನಾನು ಹುಡುಕಿದೆ. ಎಚ್‌ಡಿ 600ರಲ್ಲಿ ಮೀಟು ಅಷ್ಟು ಚುರುಕಿಲ್ಲ, ಮಂದ್ರ ತಂತಿಯ ಅಡಿಪಾಯವೂ ಅಷ್ಟು ಗಟ್ಟಿಯಿಲ್ಲ, ಆದರೆ ಗಾಂಧಾರ ಮನೆಯಲ್ಲಿ ಕೇಳುವ ಹಾಗೇ ಎದ್ದು ಬರುತ್ತದೆ. ನನಗೆ ಬೇಕಾದ್ದು ಅದು. ಮೃದಂಗ ಕಲಿತ ನನ್ನ ಸೋದರಮಾವನ ಮಗ ಇವೆರಡನ್ನೂ ಕೇಳಿ ಉಲ್ಟಾ ಹೇಳಿದ. ಅವನಿಗೆ ಎಡಗೈ ಮುಖ್ಯ, ಗುಂಕಿ ಜಾರುವ ರೀತಿ ಮುಖ್ಯ, ಅವನಿಗೆ ಪ್ಲೇನಾರೇ ನಿಜ. ಅವನು ಹೇಳಿದ್ದು ತಪ್ಪಲ್ಲ.

ಎರಡು ಹೆಡ್‌ಫೋನ್ ಹೋಲಿಸುವಾಗ ವಾಲ್ಯೂಮ್ ಸರಿ ಮಾಡದೆ ಹೋಲಿಸಿದರೆ ಆ ಕೆಲಸ ದಂಡ. ಇದನ್ನು ಒತ್ತಿ ಹೇಳುತ್ತೇನೆ. ಒಂದು ಡೆಸಿಬಲ್‌ನಷ್ಟು ಜಾಸ್ತಿ ಇದ್ದರೂ ಆ ಹೆಡ್‌ಫೋನ್ ನಮಗೆ 'ಜೋರಾಗಿದೆ' ಅಂತ ಅನ್ನಿಸುವುದಿಲ್ಲ, 'ಚೆನ್ನಾಗಿದೆ' ಅಂತ ಅನ್ನಿಸುತ್ತದೆ. ಜೊತೆಗೆ ನಮ್ಮ ಕಿವಿ ಸಣ್ಣ ಸದ್ದಿನಲ್ಲಿ ಬೇಸನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ವಾಲ್ಯೂಮ್ ಬದಲಾದರೆ ಟೋನ್ ಕೂಡ ಬದಲಾದ ಹಾಗೆ ಕೇಳುತ್ತದೆ. ಎಚ್‌ಡಿ 600 ಇರುವುದು 300 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ). ಪ್ಲೇನಾರುಗಳು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಓಮ್. ಆಂಪಿನ (ಸದ್ದು ಹೆಚ್ಚಿಸುವ ಪೆಟ್ಟಿಗೆಯ) ಗುಂಡಿ ಒಂದೇ ಜಾಗದಲ್ಲಿದ್ದರೂ ಒಂದು ಜೋರು, ಇನ್ನೊಂದು ಮೆತ್ತಗೆ. ನಾನು ಹಳೆಯ ಸಿಡಿಯೊಂದರ ನಡುವಿನ ತೂತಿಗೆ ಸಣ್ಣ ಮೈಕ್ ಸಿಕ್ಕಿಸಿ, ಸುತ್ತ ಟೇಪ್ ಸುತ್ತಿ, ಅದರ ಮೇಲೆ ಇಯರ್‌ಕಪ್ ಒತ್ತಿ ಇಟ್ಟು, 500 ಹರ್ಟ್ಸ್ ಟೋನ್ ಹಾಕಿ ಎರಡರದ್ದೂ ಮಟ್ಟ ಒಂದೇ ಮಾಡುತ್ತೇನೆ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ. ಆದರೆ ಬರೀ ಕಿವಿಯಿಂದ ಅಂದಾಜು ಮಾಡುವುದಕ್ಕಿಂತ ಎಷ್ಟೋ ವಾಸಿ. ಹೀಗೆ ಸರಿ ಮಾಡಿ ಕೇಳಿದಾಗ ಮೊದಲ ರಾತ್ರಿಯ ಅರ್ಧ ಬೆರಗು ಇಳಿಯಿತು. ಆ ರಾತ್ರಿ ನಾನು ಪ್ಲೇನಾರನ್ನು ಸ್ವಲ್ಪ ಜೋರಾಗಿಯೇ ಇಟ್ಟುಕೊಂಡಿದ್ದೆ.

ವಾಲ್ಯೂಮ್ ಮಾತು ಬಂದದ್ದಕ್ಕೆ ಇದೊಂದು ಹೇಳಿಬಿಡುತ್ತೇನೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್, ಇಷ್ಟು ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಸದ್ದು ಒಡೆಯುವುದಿಲ್ಲ, ಕರ್ಕಶ ಆಗುವುದಿಲ್ಲ, ಅದಕ್ಕೇ ಎಷ್ಟು ಜೋರಾಗಿ ಕೇಳುತ್ತಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಹುಷಾರಾಗಿರಿ. ಹೋದ ಕಿವಿ ಮತ್ತೆ ಬರುವುದಿಲ್ಲ.

'ಡೀಟೇಲ್' ಅನ್ನುವ ಪದದ ಬಗ್ಗೆ ನನಗೆ ತುಂಬಾ ತಕರಾರಿದೆ. ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿದ ಕೂಡಲೇ "ಎಷ್ಟು ಡೀಟೇಲ್ ಇದೆ ನೋಡಿ ಸಾರ್" ಅನ್ನುತ್ತಾರೆ. ಬಹಳ ಸಲ ಅದು ಡೀಟೇಲ್ ಅಲ್ಲ, ಟ್ರೆಬಲ್ (ಮೇಲಿನ ಚೂಪು ಸದ್ದು) ಒಂದು ಕಡೆ ಎತ್ತಿ ನಿಂತಿರುತ್ತದೆ, ಅಷ್ಟೇ. ಇದಕ್ಕೆ ವೀಣೆ ಒಳ್ಳೆಯ ಪರೀಕ್ಷೆ. ದೊರೆಸ್ವಾಮಿ ಅಯ್ಯಂಗಾರ್ ಅವರ ಹಳೆಯ ರೆಕಾರ್ಡಿಂಗುಗಳಲ್ಲಿ ಬೆರಳು ತಂತಿಯ ಮೇಲೆ ಜಾರುವ ಒಂದು ಸಣ್ಣ 'ಸುಯ್' ಸದ್ದು ಇರುತ್ತದೆ. ಅದು ಇರಬೇಕು, ಕೈ ಇದೆ ಅಂತ ಗೊತ್ತಾಗುವುದೇ ಅದರಿಂದ. ಆದರೆ ಆ ಸುಯ್ ಸದ್ದು ಸ್ವರಕ್ಕಿಂತ ಮುಂದೆ ಬಂದು ನಿಂತರೆ, ಗಮಕ ಹಿಂದೆ ಸರಿದು ಉಗುರು ಮುಂದೆ ಬಂದರೆ, ಆ ಹೆಡ್‌ಫೋನ್ ಸುಳ್ಳು ಹೇಳುತ್ತಿದೆ. ಹತ್ತು ನಿಮಿಷ ಅದು ಚುರುಕಾಗಿ ಕೇಳುತ್ತದೆ. ಒಂದು ಗಂಟೆಗೆ ಕಿವಿ ಸುಸ್ತಾಗುತ್ತದೆ. ಹಾಡುವವರ 'ಸ', 'ಶ' ಅಕ್ಷರಗಳನ್ನೂ ಹೀಗೇ ಗಮನಿಸಿ. ನಮ್ಮ ಕೃತಿಗಳಲ್ಲಿ 'ಶ್ರೀ' ಎಷ್ಟು ಸಲ ಬರುತ್ತದೆ ನೋಡಿ. ಪ್ರತಿ 'ಶ್ರೀ' ಸೂಜಿಯಂತೆ ಚುಚ್ಚಿದರೆ ಮೂರು ಕೃತಿ ಕೇಳಲು ಆಗುವುದಿಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಇನ್ನೊಂದು ಪರೀಕ್ಷೆ. ಮೇಲಿನ ಷಡ್ಜದಲ್ಲಿ ಅವರು ನಿಂತಾಗ ಅದು ದುಂಡಗೆ ಹೊಳೆಯಬೇಕು, ಕಿವಿ ಕೊರೆಯಬಾರದು.

ಈ ಟ್ರೆಬಲ್ ಸಮಸ್ಯೆ ದೊಡ್ಡ ದೊಡ್ಡ ಹೆಡ್‌ಫೋನುಗಳಿಗೂ ಇದೆ. ಸೆನ್‌ಹೈಸರ್ ಎಚ್‌ಡಿ 800 ಬಂದದ್ದು 2009ರಲ್ಲಿ. 56 ಮಿಲಿಮೀಟರಿನ ಉಂಗುರದಾಕಾರದ ಡ್ರೈವರ್, ಅಂದರೆ ಸದ್ದು ಹೊರಡಿಸುವ ಭಾಗ. ಸಂಗೀತ ತಲೆಯ ಹೊರಗೆ, ಕೋಣೆಯಲ್ಲಿ ನಡೆಯುತ್ತಿದೆ ಅನ್ನಿಸುವಷ್ಟು ವಿಶಾಲ. ಆದರೆ 6 ಕಿಲೋಹರ್ಟ್ಸ್ ಸುತ್ತಮುತ್ತ ಒಂದು ಏರು ಇತ್ತು. ಬಹಳ ಜನ ಅದಕ್ಕೆ ಒಳಗೆ ತಾವೇ ಬಟ್ಟೆಯ ಚೂರು ಅಂಟಿಸಿ ಸರಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಬಂದ 800 ಎಸ್ ಮಾದರಿಯಲ್ಲಿ ಕಂಪನಿಯವರೇ ಆ ಏರನ್ನು ಹೀರಿಕೊಳ್ಳುವ ವ್ಯವಸ್ಥೆ ಒಳಗೆ ಸೇರಿಸಿದರು. ಅಷ್ಟು ಬುದ್ಧಿವಂತ ಎಂಜಿನಿಯರುಗಳೂ ವಾಪಸ್ ಹೋಗಿ ತಿದ್ದಿದರು ಅನ್ನುವುದು ನನಗೆ ಇಷ್ಟವಾದ ಸಂಗತಿ.

ಹಾಗಾದರೆ ಎಲ್ಲರಿಗೂ ಸರಿಹೊಂದುವ ಒಂದು ಸೌಂಡ್ ಇಲ್ಲವಾ? ಈ ಪ್ರಶ್ನೆ ಹಿಡಿದು ಹಾರ್ಮನ್ ಅನ್ನುವ ಆಡಿಯೋ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಂತೆ ಕೇಳುವ ಹೆಡ್‌ಫೋನನ್ನೇ ಹೆಚ್ಚು ಜನ ಮೆಚ್ಚುತ್ತಾರೆ ಅನ್ನುವುದು ಅವರು ಕಂಡುಕೊಂಡ ಸಾರ. ಈಗ ಬಹಳ ಕಂಪನಿಗಳು ಅವರು ಗ್ರಾಫಿನಲ್ಲಿ ಎಳೆದ ಆ ಸೌಂಡಿನ ರೇಖೆಯನ್ನು ಮುಂದಿಟ್ಟುಕೊಂಡೇ ಹೆಡ್‌ಫೋನ್ ಮಾಡುತ್ತವೆ. ಗ್ರಾಫ್ ನೋಡಿ ಕೆಟ್ಟ ಹೆಡ್‌ಫೋನುಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು, ಆ ಉಪಕಾರ ದೊಡ್ಡದು. ಆದರೆ ಕೊನೆಯ ಎರಡು ಮೂರು ಉಳಿದಾಗ ಗ್ರಾಫ್ ನನಗೆ ಸಹಾಯಕ್ಕೆ ಬಂದಿಲ್ಲ. ಹೊರಕಿವಿಯ ಮಡಿಕೆಗಳು ಒಬ್ಬೊಬ್ಬರಿಗೆ ಒಂದೊಂದು ಥರ. ಕಿವಿಯ ನಾಳವೇ 3 ಕಿಲೋಹರ್ಟ್ಸ್ ಹತ್ತಿರ ಸದ್ದನ್ನು ಹೆಚ್ಚಿಸುತ್ತದೆ, ಅದೂ ನಾಳದ ಉದ್ದದ ಮೇಲೆ ಹೋಗುತ್ತದೆ. ಅಳೆಯುವ ಯಂತ್ರದ ಕಿವಿ ಒಂದು, ನನ್ನ ಕಿವಿ ಇನ್ನೊಂದು. ಇನ್ನೊಂದು ಮಾತು, ನನಗೆ ಅನ್ನಿಸಿದ್ದು ಇದು. ಆ ರೇಖೆಯಲ್ಲಿರುವ ಬೇಸ್ ಸಿನಿಮಾ ಹಾಡಿಗೆ, ಪಾಪ್‌ಗೆ ಚೆನ್ನಾಗಿ ಒಪ್ಪುತ್ತದೆ. ಕರ್ನಾಟಕ ಸಂಗೀತದ ಕಚೇರಿಗೆ ಸ್ವಲ್ಪ ಜಾಸ್ತಿಯಾಗುತ್ತದೆ. ಮೃದಂಗದ ಎಡಮುಖ ಊದಿಕೊಂಡು ಗಾಯಕರ ಮೇಲೆ ಬೀಳುತ್ತದೆ. ಈಕ್ಯೂನಲ್ಲಿ, ಅಂದರೆ ಸೌಂಡಿನ ಪಾಲುಗಳನ್ನು ಏರಿಸಿ ಇಳಿಸುವ ಸೆಟ್ಟಿಂಗಿನಲ್ಲಿ, ಬೇಸ್ ಮೂರು ಡೆಸಿಬಲ್ ಇಳಿಸಿದರೆ ಸರಿ ಹೋಗುತ್ತದೆ. ಈಕ್ಯೂ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ತೂಕಕ್ಕೆ ಈಕ್ಯೂ ಇಲ್ಲವಲ್ಲ.

ಹಳೆಯ ರೆಕಾರ್ಡಿಂಗು ಕೇಳುವವರಿಗೆ, ಸಂಗೀತ ಎಷ್ಟು ಅಗಲಕ್ಕೆ ಹರಡಿದಂತೆ ಕೇಳುತ್ತದೆ ಅನ್ನುವ ಸೌಂಡ್‌ಸ್ಟೇಜ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ ಎಷ್ಟೋ ರೆಕಾರ್ಡಿಂಗು ನನ್ನ ಹತ್ತಿರ ಇರುವುದು ಮೋನೋ, ಎರಡೂ ಕಿವಿಗೆ ಒಂದೇ ಸದ್ದು. ಎಷ್ಟೇ ದುಬಾರಿ ಹೆಡ್‌ಫೋನ್ ಹಾಕಿದರೂ ಅವರು ತಲೆಯ ನಡುಮಧ್ಯೆಯೇ ಕೂತು ಹಾಡುತ್ತಾರೆ. ಅಲ್ಲಿ ಬೇಕಾದ್ದು ವಿಶಾಲತೆ ಅಲ್ಲ, ಆ ದನಿಯ ಒರಟು ಮತ್ತು ಬಿಸಿ ಎರಡೂ ಉಳಿಯಬೇಕು, ಟೇಪಿನ 'ಸ್' ಸದ್ದು ಮುಂದೆ ಬರಬಾರದು, ಅಷ್ಟೇ. ಇನ್ನು ಓಪನ್ ಬ್ಯಾಕ್ ಹೆಡ್‌ಫೋನ್ ಅಂದರೆ ಹಿಂಬದಿ ಜಾಲರಿ, ಹೊರಗಿನದ್ದೆಲ್ಲ ಒಳಗೆ ಬರುತ್ತದೆ. ನಮ್ಮ ಬೀದಿಯಲ್ಲಿ ಬೆಳಗ್ಗೆ ಸೊಪ್ಪಿನ ಗಾಡಿ, ಪಕ್ಕದ ಮನೆಯ ಕುಕ್ಕರ್, ಏಪ್ರಿಲ್‌ನಲ್ಲಿ ತಲೆ ಮೇಲೆ ತಿರುಗುವ ಫ್ಯಾನ್. ಫ್ಯಾನಿನ ಗಾಳಿ ಜಾಲರಿಗೆ ಬಡಿದರೆ ಗೊರ ಗೊರ ಸದ್ದು ಬೇರೆ. ನಾನು ಕೇಳುವುದು ರಾತ್ರಿ ಹತ್ತರ ಮೇಲೆ. ಹಗಲು ಹೊತ್ತಿನಲ್ಲೇ ಕೇಳಬೇಕಾದವರು ಓಪನ್ ಬ್ಯಾಕಿಗೆ ಲಕ್ಷ ರೂಪಾಯಿ ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಸೆಕೆ ಕೂಡ ಹಾಗೇ. ಚರ್ಮದ ಪ್ಯಾಡ್ ಬೇಸ್ ಹಿಡಿದಿಡುತ್ತದೆ, ಆದರೆ ಬೆವರನ್ನೂ ಹಿಡಿದಿಡುತ್ತದೆ. ಮಂಗಳೂರಿನಲ್ಲಿರುವ ನನ್ನ ತಂಗಿಯ ಮನೆಗೆ ಮೇ ತಿಂಗಳಲ್ಲಿ ಹೋದಾಗ ಚರ್ಮದ ಪ್ಯಾಡಿನ ಹೆಡ್‌ಫೋನ್ ಇಪ್ಪತ್ತು ನಿಮಿಷ ತಡೆಯಲು ಆಗಲಿಲ್ಲ, ಕಿವಿಯ ಸುತ್ತ ನೀರು. ಮಖಮಲ್ಲಿನಂಥ ಬಟ್ಟೆಯ ಪ್ಯಾಡ್ ನಮ್ಮ ಹವೆಗೆ ವಾಸಿ. ಆದರೆ ಪ್ಯಾಡ್ ಬದಲಿಸಿದರೆ ಸೌಂಡೂ ಬದಲಾಗುತ್ತದೆ, ಇದನ್ನು ಮರೆಯಬೇಡಿ. ಪ್ಯಾಡ್ ಹಳೆಯದಾಗಿ ಚಪ್ಪಟೆಯಾದರೂ ಅಷ್ಟೇ. ಡ್ರೈವರ್ ಕಿವಿಗೆ ಹತ್ತಿರ ಬಂದುಬಿಡುತ್ತದೆ, ಟೋನ್ ನಿಧಾನವಾಗಿ ಬದಲಾಗುತ್ತದೆ, ದಿನಾ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಎಂಟು ವರ್ಷದಲ್ಲಿ ನಾನು ಮೂರು ಸಲ ಪ್ಯಾಡ್ ಬದಲಿಸಿದ್ದೇನೆ. ಪ್ಯಾಡು, ಕೇಬಲ್ಲು ಎಲ್ಲ ಬಿಡಿಯಾಗಿ ತೆಗೆದು ಹಾಕುವಂತೆ ಮಾಡಿರುವುದೂ ನನ್ನ ಲೆಕ್ಕದಲ್ಲಿ ಒಂದು ದೊಡ್ಡ ಗುಣ.

ಎರಡನೇ ವಾರ ಅಮ್ಮ ಮೈಸೂರಿನಿಂದ ಬಂದರು. ಒಂದು ಸಂಜೆ ಕೂರಿಸಿ, ಮೊದಲು ಗೆಳೆಯನ ಹೆಡ್‌ಫೋನ್ ಹಾಕಿದೆ. ಹಾಕುವುದೇ ಕಷ್ಟವಾಯಿತು. ಅಮ್ಮನ ತುರುಬಿಗೆ ಹೆಡ್‌ಬ್ಯಾಂಡ್ ತಗುಲುತ್ತಿತ್ತು. ಮುಂದೆ ತಂದರೆ ಹಣೆಯ ಮೇಲೆ ಜಾರುತ್ತಿತ್ತು. ಹೇಗೋ ಕೂರಿಸಿ, ತೋಡಿ ರಾಗದ ಒಂದು ಆಲಾಪನೆ ಹಾಕಿದೆ. ಎರಡು ನಿಮಿಷಕ್ಕೆ ಕೈ ಎತ್ತಿದರು.

"ತೆಗಿಯೋ, ತಿರುಪು ಒತ್ತುತ್ತೆ."

ಏನು ಅಂತ ನನಗೆ ಅರ್ಥ ಆಗಲಿಲ್ಲ. ತೆಗೆದ ಮೇಲೆ ಅಮ್ಮ ಕಿವಿ ತೋರಿಸಿದರು. ಓಲೆಯ ಹಿಂದಿನ ತಿರುಪು. ಕಪ್ಪು ಬಿಗಿಯಾಗಿ ಒತ್ತಿದಾಗ ಅದು ಕಿವಿಯ ಹಿಂದೆ ಎಲುಬಿಗೆ ಚುಚ್ಚುತ್ತಿತ್ತು. ಕೆಂಪಗೆ ಒಂದು ಗುಳಿ ಬಿದ್ದಿತ್ತು. ಇಷ್ಟು ವರ್ಷ ನೂರಾರು ವಿಮರ್ಶೆ ಓದಿದ್ದೇನೆ. ಕಂಫರ್ಟ್ ಅಂತ ಬರೆದ ಕಡೆಯಲ್ಲೆಲ್ಲ ನೆತ್ತಿ, ದವಡೆ, ಕನ್ನಡಕ, ಬೆವರು ಇತ್ತು. ಓಲೆಯ ತಿರುಪು ಅಂತ ಒಂದು ಕಡೆಯೂ ಓದಿದ ನೆನಪಿಲ್ಲ. ತುರುಬಿನ ಬಗ್ಗೆಯೂ ಇಲ್ಲ. ನಮ್ಮ ಮನೆಗಳಲ್ಲಿ ಸಂಗೀತ ಗಂಭೀರವಾಗಿ ಕೇಳುವವರಲ್ಲಿ ಎಷ್ಟು ಜನ ಓಲೆ ಹಾಕಿದವರು! ಅವರ ತಲೆಯನ್ನು ನೆನೆದು ಯಾರಾದರೂ ಹೆಡ್‌ಫೋನ್ ಪರೀಕ್ಷೆ ಮಾಡಿದ್ದಾರಾ? ನಾನೇ ಮಾಡಿರಲಿಲ್ಲ. ಅಮ್ಮ ಮನೆಯಲ್ಲೇ ಇದ್ದರೂ ಒಂದು ಸಲ ಕೇಳಿರಲಿಲ್ಲ.

"ಓಲೆ ತೆಗೆದು ಕೇಳ್ತೀಯಾಮ್ಮಾ?" ಅಂದೆ.

"ಓಲೆ ತೆಗೆದು ಸಂಗೀತ ಕೇಳೋದಾ? ಬೇರೆದಿದ್ರೆ ಕೊಡು."

ಎಚ್‌ಡಿ 600 ಹಿಗ್ಗಿ ಹಿಗ್ಗಿ ಮೆತ್ತಗಾಗಿತ್ತಲ್ಲ, ಅದರ ಕಪ್ಪು ಉದ್ದಕ್ಕೆ ಮೊಟ್ಟೆಯಾಕಾರ, ಒಳಗೆ ಕಿವಿಗೂ ಓಲೆಗೂ ಜಾಗ ಇತ್ತು. ಹೆಡ್‌ಬ್ಯಾಂಡ್ ತುರುಬಿನ ಮುಂದೆ ಸರಿಯಾಗಿ ಕೂತಿತು. ಅದೇ ಆಲಾಪನೆ ಮೊದಲಿನಿಂದ ಹಾಕಿದೆ. ಅಮ್ಮ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ತಲೆ ಮೆಲ್ಲಗೆ ಅಲ್ಲಾಡಿತು. ಕೃತಿ ಶುರುವಾದಾಗ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ನಾನು ಎದ್ದು ಹೋಗಿ ಅನ್ನಕ್ಕಿಟ್ಟು, ಸಾರು ಬಿಸಿ ಮಾಡಿ, ತಟ್ಟೆ ಹಾಕಿ ಬಂದರೂ ತಾಳ ನಡೆಯುತ್ತಲೇ ಇತ್ತು. ಐವತ್ತು ನಿಮಿಷ. ತೆಗೆದ ಮೇಲೆ ಹೆಡ್‌ಫೋನ್ ಹೇಗಿದೆ ಅಂತ ಒಂದು ಮಾತೂ ಹೇಳಲಿಲ್ಲ. "ಇವರ ತಂಬೂರಿ ಎಷ್ಟು ಚೆನ್ನಾಗಿ ಸೇರಿದೆ ನೋಡೋ. ಗಾಂಧಾರ ಕೇಳಿಸ್ತಾ ನಿಂಗೆ?" ಅಂದರು.

ಮಾರನೇ ದಿನ ಅಮ್ಮನ ತಂಬೂರಿಯ ಫೈಲನ್ನೇ ಹಾಕಿ ಕೇಳಿಸಿದೆ. ಅದಕ್ಕೆ ಮಾತ್ರ ಮುಖ ಸ್ವಲ್ಪ ಸಪ್ಪೆಯಾಯಿತು. ಮೂರನೇ ತಂತಿ ಒಂದು ಚೂರು ಇಳಿದಿದೆಯಂತೆ. ಐದು ವರ್ಷದಿಂದ ಆ ಫೈಲ್ ಕೇಳುತ್ತಿದ್ದೇನೆ, ನನಗೆ ಒಮ್ಮೆಯೂ ಗೊತ್ತಾಗಿರಲಿಲ್ಲ. ಎರಡು ಹೆಡ್‌ಫೋನಿನಲ್ಲೂ ಮತ್ತೆ ಮತ್ತೆ ಕೇಳಿದೆ. ಹೌದು, ಇಳಿದಿದೆ. ಎರಡರಲ್ಲೂ ಕೇಳುತ್ತದೆ. ಈಗ ಅದನ್ನು ಕೇಳದೆ ಇರಲು ಆಗುವುದಿಲ್ಲ. ಮುಂದಿನ ಸಲ ಮೈಸೂರಿಗೆ ಹೋದಾಗ ಹೊಸದಾಗಿ ರೆಕಾರ್ಡ್ ಮಾಡಬೇಕು.

ಗೆಳೆಯ ಬಂದ. ನಿಜ ಹೇಳಿದೆ. ಬೇಸ್ ನಾನು ಈವರೆಗೆ ಕೇಳಿದ್ದರಲ್ಲೇ ಬಿಗಿ, ದನಿ ಒಂದು ಹೆಜ್ಜೆ ಹಿಂದೆ, ನನ್ನ ನೆತ್ತಿಗೆ ನಲವತ್ತು ನಿಮಿಷ. ಅವನಿಗೆ ಬೇಸರ ಆಗಲಿಲ್ಲ. ಅವನ ತಲೆ ನನಗಿಂತ ಅಗಲ, ಕೂದಲು ದಟ್ಟ, ಕನ್ನಡಕ ಇಲ್ಲ. ಅವನು ಎರಡು ಗಂಟೆ ಹಾಕಿಕೊಂಡರೂ ಏನೂ ಆಗುವುದಿಲ್ಲವಂತೆ. ಅವನು ಕೇಳುವುದು ಹೆಚ್ಚಾಗಿ ಸಿನಿಮಾ ಹಿನ್ನೆಲೆ ಸಂಗೀತ. ಅವನಿಗೆ ಅದೇ ಸರಿ.

ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಒಂದೇ. ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ ದುಡ್ಡು ಕೊಡಬೇಡಿ. ಸಾಧ್ಯವಾದರೆ ಯಾರ ಹತ್ತಿರವಾದರೂ ಒಂದು ವಾರಕ್ಕೆ ಕೇಳಿ ತನ್ನಿ. ಆಗದಿದ್ದರೆ ಅಂಗಡಿಯಲ್ಲೇ ಒಂದು ಗಂಟೆ ಕೂತುಕೊಳ್ಳುತ್ತೇನೆ ಅಂತ ಮೊದಲೇ ಹೇಳಿ, ನಾಚಿಕೊಳ್ಳಬೇಡಿ. ಹೊಸದರಲ್ಲೇ ಮೂರು ದಿನ ಕೇಳಿ, ಆಮೇಲೆ ಹಳೆಯದಕ್ಕೆ ವಾಪಸ್ ಹೋಗಿ. ಹೊಸದು ಹಾಕಿದಾಗ ಏನು ಸಿಕ್ಕಿತು ಅನ್ನುವುದಕ್ಕಿಂತ, ಹಳೆಯದಕ್ಕೆ ಬಂದಾಗ ಏನು ಕಳೆದುಹೋಯಿತು ಅನ್ನುವುದು ನನಗೆ ಜಾಸ್ತಿ ತಿಳಿಸಿದೆ. ಕಿವಿ ಮೂರು ದಿನಕ್ಕೆ ಹೊಸ ಸೌಂಡಿಗೆ ಹೊಂದಿಕೊಂಡಿರುತ್ತದೆ, ವ್ಯತ್ಯಾಸ ಆಗ ಸರಿಯಾಗಿ ಕಾಣುತ್ತದೆ. ಗೆಳೆಯನ ಹೆಡ್‌ಫೋನ್ ಹೋದ ಮೇಲೆ ನನಗೆ ಮೃದಂಗದ ಆ ಎಡಗೈ ನೆನಪಾಗುತ್ತದೆ, ನಿಜ. ಹಗುರವಾದ ಪ್ಲೇನಾರ್ ಒಂದನ್ನು ಹುಡುಕುತ್ತಿದ್ದೇನೆ. 400 ಗ್ರಾಂ ಒಳಗೆ, ಜೋಲಿಯಂಥ ಪಟ್ಟಿ ಇರುವಂಥದ್ದು.

ಎಚ್‌ಡಿ 600 ಈಗ ನನ್ನ ಹತ್ತಿರ ಇಲ್ಲ. ಅಮ್ಮ ಹೊರಡುವ ದಿನ ಬ್ಯಾಗಿಗೆ ಬಟ್ಟೆ ತುಂಬುತ್ತಾ "ಅದನ್ನ ಫೋನಿಗೆ ಹೇಗೆ ಸಿಕ್ಕಿಸೋದು, ಒಂದ್ಸಲ ತೋರಿಸಿಕೊಡು" ಅಂದರು. ಫೋನಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸುವ ಸಣ್ಣ ಡ್ಯಾಕ್ ಡಾಂಗಲ್ ಒಂದನ್ನು ಅದರ ಜೊತೆಗಿಟ್ಟು, ಎರಡು ಸಲ ಸಿಕ್ಕಿಸಿ ತೆಗೆದು ತೋರಿಸಿ, ಹಳೆಯ ರೇಷ್ಮೆ ಬ್ಲೌಸಿನ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ಮೇಲ್ಗಡೆ ಇಟ್ಟೆ.